ಗುಂಪಿನವರು ಯಾರು, ದಾರಿಹೋಕರು ಯಾರು: ಗೆಲಾಕ್ಸಿಗಳ ರೋಹಿತ ಓದುವ ಕೆಲಸ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕು ಅಚ್ಚಿಗೆ ಇಳಿಯುವ ಮುಂಚೆ ಅದರದೊಂದು ಸಣ್ಣ ಸ್ಯಾಂಪಲ್ ಲ್ಯಾಬಿಗೆ ಬರುತ್ತದೆ. ಅದರ ಮುಖವನ್ನು ಉಜ್ಜಿ ಸಪಾಟು ಮಾಡಿ, ಆರ್ಗಾನ್ ಅನಿಲದೊಳಗೆ ಕಿಡಿ ಹಾರಿಸುತ್ತಾರೆ. ಕಿಡಿಯ ಬೆಳಕನ್ನು ಯಂತ್ರ ರೋಹಿತವಾಗಿ, ಅಂದರೆ ಬಣ್ಣಬಣ್ಣದ ಪಟ್ಟಿಯಾಗಿ ಬಿಡಿಸಿ, ಯಾವ ಗೆರೆ ಎಷ್ಟು ಪ್ರಖರವಾಗಿದೆ ಎಂದು ಅಳೆದು, ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಗಂಧಕ ಎಷ್ಟು ಎಂದು ಹೇಳಿಬಿಡುತ್ತದೆ. ಬಳ್ಳಾರಿಯಲ್ಲಿ ನಮ್ಮ ಹತ್ತಿರ ಬಿ.ಎಸ್ಸಿ. ಓದಿದ ಎಷ್ಟೋ ಹುಡುಗರು ಈಗ ಇಂಥ ಲ್ಯಾಬುಗಳಲ್ಲಿದ್ದಾರೆ. ಅವರಿಗೆ ನಾನು ಯಾವಾಗಲೂ ಹೇಳುವ ಮಾತೊಂದಿದೆ: ನೀವು ದಿನಾ ಮಾಡುವ ಈ ಕೆಲಸವನ್ನೇ ಖಗೋಳ ವಿಜ್ಞಾನಿಗಳು 32 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳ ಮೇಲೆ ಮಾಡುತ್ತಾರೆ. ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಗೆರೆಗಳು ಅಲ್ಲೂ ಅವೇ. ಆದರೆ ಇರಬೇಕಾದ ಜಾಗದಲ್ಲಿ ಮಾತ್ರ ಇರುವುದಿಲ್ಲ.

ಆ 32 ಕೋಟಿ ಜ್ಯೋತಿರ್ವರ್ಷದ ವಿಳಾಸ ಕೋಮಾ ಗೆಲಾಕ್ಸಿ ಗುಚ್ಛದ್ದು. ಮಳೆಯ ಲೆಕ್ಕ ಇಡುವ ನಮ್ಮ ರೈತರಿಗೆ ಸ್ವಾತಿಯೂ ಗೊತ್ತು, ಉತ್ತರಿಯೂ ಗೊತ್ತು. ಆ ಎರಡು ನಕ್ಷತ್ರಗಳ ನಡುವಿನ ಆಕಾಶದಲ್ಲಿ ಈ ಗುಚ್ಛವಿದೆ. ಯುಗಾದಿಯ ಆಸುಪಾಸಿನ ನಡುರಾತ್ರಿ ಅದು ಬಳ್ಳಾರಿಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತದೆ. ಬರಿಗಣ್ಣಿಗೆ ಏನೂ ಕಾಣದು. ದೊಡ್ಡ ದೂರದರ್ಶಕದ ಫೋಟೊದಲ್ಲಿ ಮಾತ್ರ ಮಬ್ಬು ಚುಕ್ಕೆಗಳ ಹಿಂಡು ಕಾಣುತ್ತದೆ. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು, ನಡುವೆ ಎನ್‌ಜಿಸಿ 4889 ಮತ್ತು ಎನ್‌ಜಿಸಿ 4874 ಎಂಬ ಎರಡು ದೈತ್ಯರು.

ತೊಡಕು ಇರುವುದೇ ಫೋಟೊದಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಯ ಫೋಟೊ ನೋಡಿ, ತೇರಿನ ಪಕ್ಕದಲ್ಲಿ ಕಾಣುವವರೆಲ್ಲ ತೇರಿನ ಪಕ್ಕದಲ್ಲೇ ನಿಂತಿದ್ದರು ಎಂದು ಹೇಳಲಾಗುವುದಿಲ್ಲ. ಕೆಲವರು ಕ್ಯಾಮೆರಾಕ್ಕೆ ಹತ್ತಿರ, ಕೆಲವರು ತೇರಿಗಿಂತ ಎಷ್ಟೋ ಹಿಂದೆ. ಕೋಮಾದ ಚಿತ್ರದಲ್ಲೂ ಹಾಗೆಯೇ. ಪುಟ್ಟದಾಗಿ ಕಾಣುವ ಚುಕ್ಕೆ ಗುಚ್ಛದೊಳಗಿನ ಕುಳ್ಳ ಗೆಲಾಕ್ಸಿಯೋ, ಅದರ ಹಿಂದೆ ಬಹುದೂರದಲ್ಲಿರುವ ದೊಡ್ಡ ಗೆಲಾಕ್ಸಿಯೋ? ಚಿತ್ರ ಎಷ್ಟೇ ಚೆಂದವಿದ್ದರೂ ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಡುವುದಿಲ್ಲ, ರೋಹಿತ ಕೊಡುತ್ತದೆ.

ಎನ್‌ಜಿಸಿ 4889ರ ರೋಹಿತವನ್ನೇ ತೆಗೆದುಕೊಳ್ಳೋಣ. ನೇರಳೆ ತುದಿಯಲ್ಲಿ ಅಕ್ಕಪಕ್ಕ ಎರಡು ಆಳವಾದ ತಗ್ಗುಗಳು ಕಾಣುತ್ತವೆ. ಕ್ಯಾಲ್ಸಿಯಂ ಬೆಳಕನ್ನು ಹೀರಿಕೊಂಡದ್ದರಿಂದ ಆದ ಕೆ ಮತ್ತು ಎಚ್ ಗೆರೆಗಳು ಇವು. ಪ್ರಯೋಗಾಲಯದಲ್ಲಿ ಇವುಗಳ ತರಂಗಾಂತರ 3934 ಮತ್ತು 3968 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ). ಇಲ್ಲಿ ಅವು ಸುಮಾರು 4019 ಮತ್ತು 4054ರಲ್ಲಿವೆ. ಸರಿದ ಅಂತರವನ್ನು ಮೂಲ ತರಂಗಾಂತರದಿಂದ ಭಾಗಿಸಿ: 85 ಭಾಗ 3934, ಅಂದರೆ 0.0217 ಹತ್ತಿರ. ಇದೇ ಆ ಗೆಲಾಕ್ಸಿಯ ರೆಡ್‌ಶಿಫ್ಟ್, ಗೆರೆಗಳು ಕೆಂಪಿನ ಕಡೆಗೆ ಸರಿದ ಪ್ರಮಾಣ. ಬೆಳಕಿನ ವೇಗದಿಂದ ಗುಣಿಸಿದರೆ ಅದು ನಮ್ಮಿಂದ ದೂರ ಸರಿಯುವ ವೇಗ ಸಿಗುತ್ತದೆ: ಸೆಕೆಂಡಿಗೆ ಸುಮಾರು 6,500 ಕಿ.ಮೀ. ಬ್ರಹ್ಮಾಂಡ ಹಿಗ್ಗುತ್ತಿರುವುದರಿಂದ ಗೆಲಾಕ್ಸಿ ದೂರವಿದ್ದಷ್ಟೂ ಈ ವೇಗ ಹೆಚ್ಚು, ಹಾಗಾಗಿ ವೇಗದಿಂದ ದೂರ ತಿಳಿಯುತ್ತದೆ. ಪಕ್ಕದ ಎನ್‌ಜಿಸಿ 4874ಕ್ಕೆ ಇದೇ ಲೆಕ್ಕ ಮಾಡಿದರೆ 7,200ರ ಸುಮಾರು. ಹತ್ತನೇ ಇಯತ್ತೆಯ ಭಾಗಾಕಾರ ಬಂದರೆ ಸಾಕು, ಲೆಕ್ಕ ಮುಗಿಯಿತು.

ಲೆಕ್ಕ ಸುಲಭ, ಗೆರೆ ಗುರುತಿಸುವುದು ಕಷ್ಟ. ಸಂಡೂರಿನ ವಿದ್ಯಾರ್ಥಿನಿಯೊಬ್ಬಳು ಪರದೆಯ ಮೇಲಿನ ಒಂಟಿ ಏರು ತೋರಿಸಿ, "ಸರ್, ಇದು ಯಾವ ಗೆರಿ ಅಂತ ಹೆಂಗ ಗೊತ್ತಾಗ್ತೈತ್ರಿ?" ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. 6714 ಆಂಗ್‌ಸ್ಟ್ರಾಮ್‌ನಲ್ಲಿ ಒಂದೇ ಒಂದು ಪ್ರಖರ ಗೆರೆ ಇದೆ ಅನ್ನಿ. ಅದು ಜಲಜನಕದ 6563ರ ಗೆರೆಯಾದರೆ ರೆಡ್‌ಶಿಫ್ಟ್ 0.023, ಗೆಲಾಕ್ಸಿ ಕೋಮಾದ್ದು. ಆಮ್ಲಜನಕದ 3727ರ ಗೆರೆಯಾದರೆ ರೆಡ್‌ಶಿಫ್ಟ್ 0.80, ಆ ಬೆಳಕು ಸುಮಾರು 700 ಕೋಟಿ ವರ್ಷ ಹಿಂದೆ ಹೊರಟದ್ದು! ಒಂದೇ ಗೆರೆ ನಂಬಿ ಕೂತರೆ ಕೆಟ್ಟಂತೆ. ಎರಡನೇ ಗೆರೆ ಬೇಕು, ಮೂರನೆಯದು ಸಿಕ್ಕರೆ ಇನ್ನೂ ಒಳ್ಳೆಯದು: ಎಲ್ಲವೂ ಒಂದೇ ಪ್ರಮಾಣದಲ್ಲಿ ಸರಿದಿರಬೇಕು. ಜಲಜನಕದ ಗೆರೆಯ ಎರಡೂ ಬದಿಗೆ ಸಾರಜನಕದ ಗೆರೆಗಳು ಕಂಡರೆ, 5007ರ ಆಮ್ಲಜನಕ ಗೆರೆ ಸುಮಾರು 5122ರಲ್ಲಿ ಕಂಡರೆ, ಆಗ ಕೋಮಾ ಎಂದು ಬರೆಯಬಹುದು.

ಇನ್ನೊಂದು ಎಚ್ಚರಿಕೆ. 5577 ಆಂಗ್‌ಸ್ಟ್ರಾಮ್‌ನಲ್ಲಿ ಮೊನಚಾದ ಗೆರೆ ಯಾವ ರೋಹಿತದಲ್ಲಾದರೂ ಇಣುಕಬಹುದು. ಅದು ಗೆಲಾಕ್ಸಿಯದಲ್ಲ, ನಮ್ಮದೇ ವಾತಾವರಣದ ಆಮ್ಲಜನಕ ರಾತ್ರಿ ಮಿನುಗುವ ಗೆರೆ. ಆಕಾಶದ ಬೆಳಕನ್ನು ರೋಹಿತದಿಂದ ಎಷ್ಟು ಕಳೆದರೂ ಚೂರು ಉಳಿಯುತ್ತದೆ, ಹೊಸಬರು ಅದನ್ನೇ ಗೆಲಾಕ್ಸಿಯ ಗೆರೆಯೆಂದು ಹಿಡಿದುಬಿಡುತ್ತಾರೆ.

ತರಂಗಾಂತರದ ಅಳತೆಪಟ್ಟಿ ಎಲ್ಲಿಂದ ಬರುತ್ತದೆ? ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲಿ ಗೆಲಾಕ್ಸಿಯ ರೋಹಿತ ತೆಗೆದಾಗ ಒಂದು ದೀಪದ ರೋಹಿತವನ್ನೂ ತೆಗೆಯುತ್ತಾರೆ. ದೀಪದೊಳಗೆ ಇರುವುದು ಕಬ್ಬಿಣ ಮತ್ತು ಆರ್ಗಾನ್, ತೋರಣಗಲ್ಲಿನ ಲ್ಯಾಬಿನ ಕಿಡಿಯಲ್ಲಿ ಇರುವ ಅದೇ ಜೋಡಿ. ಅದರ ನೂರಾರು ಗೆರೆಗಳ ಸ್ಥಾನ ಮೊದಲೇ ಗೊತ್ತಿರುವುದರಿಂದ ಅವನ್ನೇ ಅಳತೆಯ ಗುರುತುಗಳಾಗಿ ಇಟ್ಟುಕೊಳ್ಳುತ್ತಾರೆ.

ನಮ್ಮ ಸೀಮೆಗೂ ಈ ವಿದ್ಯೆಗೂ ಹಳೆಯ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನ್ ಮೇಲೆ ಹಾದಾಗ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕ ಹಿಡಿದು ಕಾದಿದ್ದರು. ಸೂರ್ಯನ ಅಂಚಿನ ಕೆಂಪು ಜ್ವಾಲೆಗಳು ಬಿಸಿ ಅನಿಲವೆಂದು ಗೆರೆಗಳಿಂದಲೇ ಅಂದು ತಿಳಿಯಿತು. ರಾಯಚೂರು ಈ ಎರಡೂ ಊರುಗಳ ನಡುವೆ ಇದೆ. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕೋಮಾಕ್ಕೆ ಮರಳೋಣ. ಸಾಕಷ್ಟು ರೆಡ್‌ಶಿಫ್ಟ್‌ಗಳು ಕೈಗೆ ಬಂದಾಗ ಗುಂಪು ತಾನಾಗಿ ಬೇರ್ಪಡುತ್ತದೆ: ಸೆಕೆಂಡಿಗೆ 7,000 ಕಿ.ಮೀ. ಸುತ್ತಮುತ್ತ ದಟ್ಟಣೆ, ಆಚೀಚೆ ಬಹುತೇಕ ಖಾಲಿ, ಅದಕ್ಕಿಂತ ಬಹಳ ಹೆಚ್ಚಿನ ವೇಗಗಳಲ್ಲಿ ದಾರಿಹೋಕರು, ಅಂದರೆ ಗುಚ್ಛದ ಹಿಂದೆ ದೂರದಲ್ಲಿರುವ ಗೆಲಾಕ್ಸಿಗಳು. ಗುಂಪಿನ ಸರಾಸರಿ ವೇಗ ಬ್ರಹ್ಮಾಂಡದ ಹಿಗ್ಗುವಿಕೆಯದು. ಸರಾಸರಿಯ ಸುತ್ತಲಿನ, ಸೆಕೆಂಡಿಗೆ ಸುಮಾರು 1,000 ಕಿ.ಮೀ. ಹರಡಿಕೆ ಮಾತ್ರ ಗೆಲಾಕ್ಸಿಗಳು ಗುಂಪಿನೊಳಗೇ ಓಡಾಡುವ ವೇಗ. 1933ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಜ್ ಝ್ವಿಕಿ ಈ ಹರಡಿಕೆಯನ್ನೇ ಹಿಡಿದು, ಇಷ್ಟು ವೇಗದಲ್ಲಿ ಓಡುವವರನ್ನು ಚದುರದಂತೆ ಕಟ್ಟಿಡಲು ಕಣ್ಣಿಗೆ ಕಾಣುವ ವಸ್ತು ಸಾಲದು ಎಂದರು. ಕಪ್ಪುದ್ರವ್ಯದ, ಅಂದರೆ ಕಣ್ಣಿಗೆ ಕಾಣದೆ ಸೆಳೆತದಿಂದಷ್ಟೇ ಗೊತ್ತಾಗುವ ವಸ್ತುವಿನ ಚರ್ಚೆಯ ಬೇರು ಅಲ್ಲಿದೆ.

ನನಗೆ ರೆಡ್‌ಶಿಫ್ಟ್‌ಗಿಂತ ಹೆಚ್ಚು ಆಸಕ್ತಿ ಅದರ ನಂತರದ ಕೆಲಸದಲ್ಲಿ, ರೋಹಿತಗಳನ್ನು ಬಗೆಬಗೆಯಾಗಿ ವಿಂಗಡಿಸುವುದರಲ್ಲಿ. ಕೋಮಾದ ನಡುಭಾಗದಲ್ಲಿ ಹೆಚ್ಚಾಗಿ ಸಿಗುವುದು ಮೊದಲ ಬಗೆ: ಕ್ಯಾಲ್ಸಿಯಂ ತಗ್ಗುಗಳು ಆಳ, ಮೆಗ್ನೀಸಿಯಂ, ಸೋಡಿಯಂ ಗೆರೆಗಳು ಸ್ಪಷ್ಟ, ಪ್ರಖರ ಗೆರೆ ಒಂದೂ ಇಲ್ಲ. ಇಲ್ಲಿ ಹೊಸ ನಕ್ಷತ್ರ ಹುಟ್ಟಿ ಬಹುಕಾಲವಾಗಿದೆ. ಎರಡನೆಯದರಲ್ಲಿ ಜಲಜನಕ, ಆಮ್ಲಜನಕಗಳ ಪ್ರಖರ ಗೆರೆಗಳು ಎದ್ದು ನಿಲ್ಲುತ್ತವೆ. ನಕ್ಷತ್ರಗಳು ಹುಟ್ಟುತ್ತಲೇ ಇವೆ, ಅಥವಾ ನಡುವಿನ ಕಪ್ಪುಕುಳಿ ಅನಿಲ ನುಂಗುತ್ತಿದೆ. ಇವೆರಡರಲ್ಲಿ ಯಾವುದೆಂದು ಸಾರಜನಕ ಮತ್ತು ಜಲಜನಕ ಗೆರೆಗಳ ಅನುಪಾತ ಸುಳಿವು ಕೊಡುತ್ತದೆ.

ಮೂರನೆಯದು ಅಪರೂಪ. ಪ್ರಖರ ಗೆರೆ ಇಲ್ಲ, ಆದರೆ ಜಲಜನಕದ ತಗ್ಗುಗಳು, ಅದರಲ್ಲೂ 4102ರದು, ತುಂಬಾ ಆಳ. 1983ರಲ್ಲಿ ಖಗೋಳ ವಿಜ್ಞಾನಿಗಳಾದ ಡ್ರೆಸ್ಲರ್ ಮತ್ತು ಗನ್ ದೂರದ ಗುಚ್ಛವೊಂದರಲ್ಲಿ ಇಂಥವನ್ನು ಗುರುತಿಸಿದರು. ಇದರ ತರ್ಕ ಸೊಗಸಾಗಿದೆ. ಅನಿಲವನ್ನು ಬೆಳಗಿಸಿ ಪ್ರಖರ ಗೆರೆ ಮೂಡಿಸುವ ಭಾರೀ ನಕ್ಷತ್ರಗಳು ಸುಮಾರು ಒಂದು ಕೋಟಿ ವರ್ಷದೊಳಗೆ ಸಾಯುತ್ತವೆ. ಆಳವಾದ ಜಲಜನಕದ ತಗ್ಗು ಕೊಡುವ, ಅವುಗಳಿಗಿಂತ ಕಡಿಮೆ ಭಾರದ ಎ ಬಗೆಯ ನಕ್ಷತ್ರಗಳು ನೂರು ಕೋಟಿ ವರ್ಷದ ಆಸುಪಾಸು ಬಾಳುತ್ತವೆ. ಮೊದಲಿನವು ಇಲ್ಲ, ಎರಡನೆಯವು ಇವೆ ಎಂದರೆ ಈ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುವುದು ನಿಂತದ್ದು ಆ ನೂರು ಕೋಟಿ ವರ್ಷದೊಳಗೆ. ನಿಲ್ಲಿಸಿದ್ದು ಯಾರು? ಗುಚ್ಛದ ತುಂಬ ಸುಮಾರು ಹತ್ತು ಕೋಟಿ ಡಿಗ್ರಿ ಬಿಸಿಯ ತೆಳು ಅನಿಲವಿದೆ. ಅದರೊಳಗೆ ನುಗ್ಗುವ ಗೆಲಾಕ್ಸಿಯ ಸ್ವಂತ ಅನಿಲವನ್ನು ಎದುರಿನ ಒತ್ತಡ ಕಿತ್ತು ಹಾಕುತ್ತದೆ ಎಂದು 1972ರಲ್ಲೇ ಗನ್ ಮತ್ತು ಗಾಟ್ ಲೆಕ್ಕ ಹಾಕಿದ್ದರು. ಕೋಮಾದ ಡಿ100 ಎಂಬ ಗೆಲಾಕ್ಸಿಯ ಹಿಂದೆ ಹೀಗೆ ಕಿತ್ತುಬಂದ ಅನಿಲದ ಬಾಲ ಸುಮಾರು ಎರಡು ಲಕ್ಷ ಜ್ಯೋತಿರ್ವರ್ಷ ಉದ್ದಕ್ಕೆ ಚಾಚಿದೆ. ಗುಚ್ಛದ ನೈಋತ್ಯಕ್ಕೆ ಎನ್‌ಜಿಸಿ 4839ರ ಸುತ್ತ ಇನ್ನೊಂದು ಚಿಕ್ಕ ಗುಂಪಿದೆ. ಅದಕ್ಕೂ ಗುಚ್ಛದ ನಡುಭಾಗಕ್ಕೂ ಮಧ್ಯೆ ಈ ಮೂರನೇ ಬಗೆಯ ರೋಹಿತಗಳು ಹೆಚ್ಚು ಸಿಕ್ಕಿದ್ದು 1993ರಲ್ಲಿ.

ಇದನ್ನೆಲ್ಲ ನೋಡಲು ದೂರದರ್ಶಕ ಬೇಕಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2.5 ಮೀಟರ್ ದೂರದರ್ಶಕದಿಂದ ನಡೆದ ಸ್ಲೋನ್ ಎಂಬ ಆಕಾಶ ಸಮೀಕ್ಷೆಯ ರೋಹಿತಗಳು ಯಾರಿಗಾದರೂ ಉಚಿತ. ಬಳ್ಳಾರಿಯ ಕಾಲೇಜಿನ ಕಂಪ್ಯೂಟರಿನಲ್ಲೂ ತೆರೆಯುತ್ತವೆ. ಅವನ್ನು ತೆಗೆದ ರೀತಿ ಮಾತ್ರ ತಿಳಿದಿರಬೇಕು. ಅಲ್ಯೂಮಿನಿಯಂ ತಟ್ಟೆಯಲ್ಲಿ ಒಂದೊಂದು ಗೆಲಾಕ್ಸಿಯ ಜಾಗಕ್ಕೂ ಒಂದೊಂದು ತೂತು ಕೊರೆದು, ಹಗಲಿನಲ್ಲಿ ಜನ ಕೈಯಾರೆ ಬೆಳಕು ಸಾಗಿಸುವ 640 ಫೈಬರ್ ಎಳೆಗಳನ್ನು ಸಿಕ್ಕಿಸುತ್ತಿದ್ದರು. ಎರಡು ಎಳೆಗಳ ನಡುವೆ ಆಕಾಶದಲ್ಲಿ 55 ಆರ್ಕ್‌ಸೆಕೆಂಡಾದರೂ ಅಂತರ ಬೇಕಿತ್ತು (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲೊಂದು ಭಾಗ). ಹೀಗಾಗಿ ಗೆಲಾಕ್ಸಿಗಳು ಒತ್ತೊತ್ತಾಗಿರುವ ಗುಚ್ಛದ ನಡುಭಾಗದಲ್ಲೇ ಕೆಲವು ಬಿಟ್ಟುಹೋದವು.

ಒಂದು ಎಳೆಯ ಬಾಯಿ 3 ಆರ್ಕ್‌ಸೆಕೆಂಡ್ ಅಗಲ. ಕೋಮಾದ ದೂರಕ್ಕೆ ಅದು ಗೆಲಾಕ್ಸಿಯ ಒಳಗಿನ ಸುಮಾರು 4,500 ಜ್ಯೋತಿರ್ವರ್ಷ ಅಗಲದ ಭಾಗವನ್ನಷ್ಟೇ ನೋಡುತ್ತದೆ. ನಡುವೆ ಮುದಿ ನಕ್ಷತ್ರಗಳು, ಹೊರಗಿನ ತೋಳುಗಳಲ್ಲಿ ಹೊಸ ನಕ್ಷತ್ರಗಳು ಇರುವ ಸುರುಳಿ ಗೆಲಾಕ್ಸಿ ಹೀಗೆ ಮೊದಲನೇ ಬಗೆಯ ಪಟ್ಟಿಗೆ ಸೇರಿಬಿಡಬಹುದು. ಆದ್ದರಿಂದ ರೋಹಿತ ನೋಡಿದ ಮೇಲೆ ಅದೇ ಗೆಲಾಕ್ಸಿಯ ಚಿತ್ರವನ್ನೂ ತೆರೆದು, ಅಂಚು ನೀಲಿ ಇದೆಯೇ ಎಂದು ನೋಡಿಯೇ ಬಗೆ ಬರೆಯುವಂತೆ ನಮ್ಮ ಹುಡುಗರಿಗೆ ಹೇಳಿದ್ದೇನೆ. ಅದೇ ದೂರದರ್ಶಕದಲ್ಲಿ 2014ರಿಂದ 2020ರವರೆಗೆ ನಡೆದ ಮಂಗಾ ಸಮೀಕ್ಷೆ ಸುಮಾರು 10,000 ಗೆಲಾಕ್ಸಿಗಳಿಗೆ ಒಂಟಿ ಎಳೆಯ ಬದಲು ಎಳೆಗಳ ಕಟ್ಟನ್ನೇ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಬಿಡಿಬಿಡಿ ರೋಹಿತಗಳನ್ನು ತೆಗೆದಿದೆ. ಅನಿಲ ಮೊದಲು ಕಳಚಿದ್ದು ಗೆಲಾಕ್ಸಿಯ ಹೊರಗಿನಿಂದಲೋ ಒಳಗಿನಿಂದಲೋ ಎಂದು ಅಂಥ ರೋಹಿತಗಳಲ್ಲಿ ಹುಡುಕಬಹುದು.