ಇಮೇಜ್ ಒಂದೇ, ಓಟ ಬೇರೆ: ಸ್ಮಾಲ್‌ಟಾಕ್ ಎಲ್ಲಿ ಎಡವುತ್ತದೆ?

ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರಲ್ಲಿ ಒಂದು ಹಳೇ ದೂರು ಇದೆ. ಅದರ ಕೋಡ್, ತೆರೆದ ವಿಂಡೋಗಳು ಎಲ್ಲವೂ ಇದ್ದ ಸ್ಥಿತಿಯಲ್ಲೇ ‘ಇಮೇಜ್’ ಎಂಬ ಒಂದು ಫೈಲಿನಲ್ಲಿ ಉಳಿಯುತ್ತವೆ. ಒಂದೇ ಇಮೇಜ್ ಫೈಲನ್ನು ಮ್ಯಾಕ್‌ನಿಂದ ವಿಂಡೋಸ್‌ಗೆ, ಅಲ್ಲಿಂದ ಲಿನಕ್ಸ್‌ಗೆ ಕಾಪಿ ಮಾಡಿ ತೆರೆಯಿರಿ. ಎಲ್ಲವೂ ಬಿಟ್ಟಲ್ಲೇ ಇರುತ್ತದೆ. ಅರ್ಧ ಟೈಪ್ ಮಾಡಿದ ಮೆಥಡ್ (ಕೋಡಿನ ಒಂದು ತುಂಡು), ಮೂಲೆಗೆ ಸರಿಸಿಟ್ಟ ಕೋಡ್ ಬ್ರೌಸರ್, ನಡುವೆ ನಿಲ್ಲಿಸಿದ ಡಿಬಗರ್ ಕೂಡ. ಆದರೆ ಒಂದು ವಿಂಡೋ ಹಿಡಿದು ಎಳೆದು ನೋಡಿ. ಒಂದು ಕಡೆ ಸರಾಗವಾಗಿ ಜಾರುತ್ತದೆ. ಇನ್ನೊಂದು ಕಡೆ ಮೌಸ್ ಮುಂದೆ ಮುಂದೆ, ವಿಂಡೋ ಹಿಂದೆ ಹಿಂದೆ.

ವಿಚಿತ್ರ ಅಂದರೆ, ಲೆಕ್ಕ ಮಾಡುವ ವೇಗ ಅಳೆದರೆ ವ್ಯತ್ಯಾಸ ಕಾಣುವುದೇ ಕಡಿಮೆ. ಸ್ಕ್ವೀಕ್ ಎಂಬ ಸ್ಮಾಲ್‌ಟಾಕ್ ಆವೃತ್ತಿಯಲ್ಲಿ ‘ಟೈನಿ ಬೆಂಚ್‌ಮಾರ್ಕ್ಸ್’ ಎಂಬ ಪುಟ್ಟ ಪರೀಕ್ಷೆ ಇದೆ. ಸೆಕೆಂಡಿಗೆ ಎಷ್ಟು ಬೈಟ್‌ಕೋಡ್ (ಸ್ಮಾಲ್‌ಟಾಕ್‌ನ ಒಳಗಿನ ಪುಟ್ಟ ಆದೇಶಗಳು), ಎಷ್ಟು ಮೆಸೇಜ್ ಸೆಂಡ್ (ಮೆಥಡ್‌ಗಳನ್ನು ಕರೆಯುವುದು) ಎಂದು ಅದು ಹೇಳುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಹಾಕಿ ಓಡಿಸಿದರೆ ಅಂಕಿಗಳು ಹೆಚ್ಚುಕಮ್ಮಿ ಹತ್ತಿರವೇ ಬರಬೇಕು. ಪ್ರೊಸೆಸರ್ ಅದೇ, ಕೋಡ್ ಅದೇ. ಹಾಗಾದರೆ ಕೈಗೆ ಸಿಗುವ ಆ ನಿಧಾನ ಎಲ್ಲಿಂದ ಬಂತು?

ಉತ್ತರಕ್ಕೆ 1970ರ ದಶಕಕ್ಕೆ ಹೋಗಬೇಕು. ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಜೊತೆಗಾರರು ಸ್ಮಾಲ್‌ಟಾಕ್ ಕಟ್ಟಿದಾಗ ಅದು ಯಾರದೋ ಮನೆಯ ಬಾಡಿಗೆದಾರ ಆಗಿರಲಿಲ್ಲ. ಆಲ್ಟೋ ಕಂಪ್ಯೂಟರಿನಲ್ಲಿ ಅದು ಓಡುವಾಗ ಇಡೀ ಮಷೀನು ಅದರದ್ದೇ. ಪರದೆ ಅದರದ್ದು, ಮೌಸ್ ಅದರದ್ದು, ಗಡಿಯಾರವೂ ಅದರದ್ದು. ಪರದೆಯ ಮೇಲೆ ಚುಕ್ಕಿಗಳ ತುಂಡುಗಳನ್ನು ಎತ್ತಿ ಇನ್ನೊಂದು ಕಡೆ ಇಡುವ ‘ಬಿಟ್‌ಬ್ಲಿಟ್’ ಎಂಬ ಕೆಲಸವನ್ನು 1975ರಲ್ಲಿ ನೇರ ಮೈಕ್ರೋಕೋಡ್‌ನಲ್ಲೇ, ಅಂದರೆ ಪ್ರೊಸೆಸರಿನ ಒಳಗಿನ ಕೋಡ್‌ನಲ್ಲೇ ಬರೆದರು. ವಿಂಡೋ, ಮೆನು, ಸ್ಕ್ರಾಲ್ ಎಲ್ಲ ಅದರ ಮೇಲೇ ನಿಂತವು.

1979ರಲ್ಲಿ ಆಪಲ್ ಕಂಪನಿಯವರು ಅಲ್ಲಿಗೆ ಬಂದಾಗ ನಡೆದ ಒಂದು ಪ್ರಸಂಗವನ್ನು ಕೇ ಬರೆದಿದ್ದಾರೆ. ಪಠ್ಯ ಸ್ಕ್ರಾಲ್ ಆಗುವಾಗ ಹಾರಿ ಹಾರಿ ಹೋಗುತ್ತದೆ, ನಯವಾಗಿ ಸರಿಯುವ ಹಾಗೆ ಮಾಡಲಿಕ್ಕೆ ಆಗುತ್ತಾ ಎಂದು ಬಂದವರು ಕೇಳಿದರು. ಇಂಗಲ್ಸ್ ಅಲ್ಲೇ ಕೂತು, ಸಂಬಂಧಪಟ್ಟ ಮೆಥಡ್‌ಗಳನ್ನು ಹುಡುಕಿ, ಬದಲಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಸಿಸ್ಟಂ ಓಡುತ್ತಲೇ ಇತ್ತು, ಸ್ಕ್ರಾಲ್ ನಯವಾಗಿತ್ತು. ಇವತ್ತು ಸ್ಕ್ರಾಲ್ ತಡವರಿಸಿದರೆ ಮೆಥಡ್ ಬದಲಿಸಿ ಪ್ರಯೋಜನ ಇಲ್ಲದಿರಬಹುದು. ಕಾರಣ ಇಮೇಜಿನ ಹೊರಗೆ ಇರುತ್ತದೆ.

ಬಾಡಿಗೆ ಮನೆ ಶುರುವಾಗಿದ್ದು 1980ರ ದಶಕದಲ್ಲಿ. ಸ್ಮಾಲ್‌ಟಾಕ್-80 ಬೇರೆ ಕಂಪನಿಗಳಿಗೆ ಹೋಯಿತು, ಮಾಮೂಲಿ ಪ್ರೊಸೆಸರ್‌ಗಳ ಮೇಲೆ ಓಡಬೇಕಾಯಿತು. ಆಗ ಎಲ್ಲರ ತಲೆನೋವು ಲೆಕ್ಕದ ವೇಗವೇ. 1984ರಲ್ಲಿ ಪೀಟರ್ ಡಾಯ್ಚ್ ಮತ್ತು ಅಲನ್ ಶಿಫ್‌ಮನ್ ಬೈಟ್‌ಕೋಡನ್ನು ಓಡುತ್ತಿರುವಾಗಲೇ ಮಷೀನ್ ಕೋಡಿಗೆ ತಿರುಗಿಸುವ ದಾರಿ ತೋರಿಸಿದರು. ಅದೇ ವರ್ಷ ಡೇವಿಡ್ ಅಂಗರ್ ಮೆಮೊರಿಯಲ್ಲಿ ಬಳಕೆ ಮುಗಿದ ಆಬ್ಜೆಕ್ಟ್‌ಗಳ (ಡೇಟಾ ತುಂಡುಗಳ) ಕಸ ಗುಡಿಸುವ ಹೊಸ ಪದ್ಧತಿ ಮುಂದಿಟ್ಟರು. ಹೊಸ ಆಬ್ಜೆಕ್ಟ್‌ಗಳು ಬೇಗ ಸಾಯುತ್ತವೆ, ಹಾಗಾಗಿ ಅವನ್ನೇ ಆಗಾಗ ನೋಡಿದರೆ ಸಾಕು ಎಂಬ ಯೋಚನೆ. ಇವತ್ತಿನ ಜಾವಾ, ಜಾವಾಸ್ಕ್ರಿಪ್ಟ್ ಎರಡೂ ಈ ಋಣದಲ್ಲಿವೆ.

ಪರದೆಯ ಪ್ರಶ್ನೆಗೆ ಮಾತ್ರ ಎರಡು ಉತ್ತರ ಬಂದವು. ಡಿಜಿಟಾಕ್ ಕಂಪನಿಯ ವಿಂಡೋಸ್ ಆವೃತ್ತಿ, ಐಬಿಎಂನ ವಿಷುಯಲ್‌ಏಜ್ ಮುಂತಾದವು ಆಪರೇಟಿಂಗ್ ಸಿಸ್ಟಂ ಕೊಟ್ಟ ಬಟನ್, ಮೆನುಗಳನ್ನೇ ಬಳಸಿದವು. ಇನ್ನು ಕೆಲವರು ‘ಪ್ರತಿ ಚುಕ್ಕಿ ನಾವೇ ಬರೆಯುತ್ತೇವೆ’ ಎಂದರು. 1996ರಲ್ಲಿ ಆಪಲ್‌ನಲ್ಲಿ ಇಂಗಲ್ಸ್, ಕೇ ತಂಡ ಹೊರತಂದ ಸ್ಕ್ವೀಕ್ ಎರಡನೇ ದಾರಿ ಹಿಡಿಯಿತು. ಅದರ ವಿಎಂ (ವರ್ಚುವಲ್ ಮಷೀನ್, ಅಂದರೆ ಇಮೇಜನ್ನು ಓಡಿಸುವ ಪ್ರೋಗ್ರಾಂ) ಕೂಡ ಸ್ಮಾಲ್‌ಟಾಕ್‌ನಲ್ಲೇ ಬರೆದದ್ದು, ಅದನ್ನು ಸಿ ಭಾಷೆಗೆ ತಿರುಗಿಸಬಹುದು. ಮ್ಯಾಕ್‌ನಲ್ಲಿ ಹುಟ್ಟಿದ ಅದನ್ನು ಯೂನಿಕ್ಸ್‌ಗೆ ಇಯಾನ್ ಪಿಯುಮಾರ್ಟಾ, ವಿಂಡೋಸ್‌ಗೆ ಆಂಡ್ರಿಯಾಸ್ ರಾಬ್ ತಂದರು. ಎಲ್ಲ ಕಡೆ ಚುಕ್ಕಿಗೆ ಚುಕ್ಕಿ ಒಂದೇ ಚಿತ್ರ. ಹೆಮ್ಮೆಯ ವಿಷಯವೇ. ಆದರೆ ಚಿತ್ರ ಒಂದೇ ಆದ ಮಾತ್ರಕ್ಕೆ ಅದು ಪರದೆಗೆ ಮುಟ್ಟುವ ಹೊತ್ತು ಒಂದೇ ಆಗಬೇಕಿಲ್ಲ ಅಲ್ವಾ?

ಗಡಿಯಾರದಿಂದ ಶುರು ಮಾಡೋಣ, ನನ್ನ ಪ್ರಕಾರ ಅಸಲಿ ತಂಟೆಕೋರ ಅದೇ. ವಿಂಡೋ, ಮೆನುಗಳನ್ನು ಬಿಡಿಸುವ ಸ್ಕ್ವೀಕ್‌ನ ಮಾರ್ಫಿಕ್ ಎಂಬ ಭಾಗ ಪರದೆಯನ್ನು ಸುಮಾರು 20 ಮಿಲಿಸೆಕೆಂಡಿಗೆ ಒಮ್ಮೆ ನೋಡುತ್ತದೆ. ಅಂದರೆ ಸೆಕೆಂಡಿಗೆ 50 ಸಲ. ಕೆಲಸ ಬೇಗ ಮುಗಿದರೆ ಉಳಿದ ಹೊತ್ತು ನಿದ್ದೆ. ಎಬ್ಬಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದು. ವಿಂಡೋಸ್‌ನ ಮಾಮೂಲಿ ಟೈಮರ್ ಸೆಕೆಂಡಿಗೆ 64 ಸಲ ಬಡಿಯುತ್ತದೆ, ಅಂದರೆ 15.6 ಮಿಲಿಸೆಕೆಂಡಿಗೆ ಒಂದು ಬಡಿತ. 20ಕ್ಕೆ ಎಬ್ಬಿಸು ಎಂದು ಹೇಳಿ ಮಲಗಿದವರನ್ನು ಅದು ಎರಡನೇ ಬಡಿತಕ್ಕೆ, ಅಂದರೆ ಸುಮಾರು 31ಕ್ಕೆ ಎಬ್ಬಿಸುತ್ತದೆ. ಅಲ್ಲಿಗೆ 50 ಇದ್ದದ್ದು 32ಕ್ಕೆ ಇಳಿಯಿತು. ಕೋಡಿನಲ್ಲಿ ಒಂದಕ್ಷರವೂ ತಪ್ಪಿಲ್ಲ! ಬೇಕಾದರೆ ವಿಎಂ 1 ಮಿಲಿಸೆಕೆಂಡಿನ ಬಡಿತ ಕೇಳಿಕೊಳ್ಳಬಹುದು, ಆದರೆ ಬ್ಯಾಟರಿ ಜಾಸ್ತಿ ಖರ್ಚಾಗುತ್ತದೆ. ಇನ್ನೊಂದು ತಮಾಷೆ. 2020ರ ವಿಂಡೋಸ್ 10 ಅಪ್‌ಡೇಟಿಗೆ ಮುಂಚೆ ಯಾವುದೋ ಒಂದು ಪ್ರೋಗ್ರಾಂ ಇದನ್ನು ಕೇಳಿಕೊಂಡರೆ ಇಡೀ ಮಷೀನಿಗೇ ಸಿಗುತ್ತಿತ್ತು. ಪಕ್ಕದಲ್ಲಿ ಅಂಥ ಪ್ರೋಗ್ರಾಂ ತೆರೆದಿದ್ದರೆ ನಿಮ್ಮದೂ ಸುಮ್ನೆ ಚುರುಕಾಗಿಬಿಡುವುದು ಸಾಧ್ಯವಿತ್ತು.

ಲಿನಕ್ಸ್‌ನಲ್ಲಿ ಕತೆ ಬೇರೆ. 2010ರ ಹೊತ್ತಿಗೆ ಎಲಿಯಟ್ ಮಿರಾಂಡಾ ಅವರ ಕಾಗ್ ವಿಎಂ ಬಂತು. ಮೆಥಡ್‌ಗಳು ಮಷೀನ್ ಕೋಡಾಗಿ ಓಡತೊಡಗಿದವು. ಹೀಗೆ ಓಡುವಾಗ ಮೌಸ್ ಕಡೆ ನೋಡು ಎಂದು ನಡುವೆ ನೆನಪಿಸುವವರು ಯಾರು? ಅದಕ್ಕೆ ‘ಹಾರ್ಟ್‌ಬೀಟ್’ ಎಂಬ ಪುಟ್ಟ ಥ್ರೆಡ್, ಅಂದರೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆ. ಕೆಲವು ಮಿಲಿಸೆಕೆಂಡಿಗೊಮ್ಮೆ ಎದ್ದು ಅದು ಸ್ಟಾಕ್‌ನ (ಮೆಥಡ್‌ಗಳು ಓಡುವಾಗ ಬಳಸುವ ಮೆಮೊರಿಯ) ಮಿತಿಯ ಅಂಕಿಯನ್ನು ಬೇಕೆಂದೇ ಕೆಡಿಸುತ್ತದೆ. ಮುಂದಿನ ಮೆಥಡ್ ಒಳಹೋಗುವಾಗ ಜಾಗ ಇದೆಯಾ ಎಂದು ಹೇಗೂ ನೋಡುತ್ತದೆ, ಇಲ್ಲ ಅಂತ ಕಾಣುತ್ತದೆ, ವಿಎಂ ಕಡೆ ಹೊರಳುತ್ತದೆ. ಆಗ ವಿಎಂ ಮೌಸ್, ಕೀಬೋರ್ಡ್, ಟೈಮರ್ ಎಲ್ಲ ವಿಚಾರಿಸಿಕೊಳ್ಳುತ್ತದೆ. ಪ್ರತ್ಯೇಕ ತಪಾಸಣೆಯ ಖರ್ಚೇ ಇಲ್ಲ. ಇಡೀ ವಿಎಂನಲ್ಲಿ ನನಗೆ ಇಷ್ಟವಾದ ಕಿತಾಪತಿ ಇದು.

ಆದರೆ ಈ ಥ್ರೆಡ್‌ಗೆ ಮುಖ್ಯ ಥ್ರೆಡ್‌ಗಿಂತ ಹೆಚ್ಚಿನ ಆದ್ಯತೆ ಬೇಕು. ಲಿನಕ್ಸ್ ಅದನ್ನು ಸಾಮಾನ್ಯ ಬಳಕೆದಾರರಿಗೆ ಹಾಗೇ ಕೊಡುವುದಿಲ್ಲ. ಸಿಸ್ಟಂ ಫೋಲ್ಡರಿನಲ್ಲಿ ಎರಡು ಸಾಲಿನ ಫೈಲ್ ಬರೆದು, ಲಾಗೌಟ್ ಆಗಿ ಮತ್ತೆ ಬರಬೇಕು. ಬರೆಯದಿದ್ದರೆ ಶುರುವಿನಲ್ಲೇ ಎಚ್ಚರಿಕೆ. ಬೇಡ ಅನ್ನುವವರಿಗೆ ಥ್ರೆಡ್ ಬದಲು ಸಿಗ್ನಲ್ (ಆಪರೇಟಿಂಗ್ ಸಿಸ್ಟಂ ನಡುವೆ ಬಂದು ತಟ್ಟುವ ಸೂಚನೆ) ಬಳಸುವ ಇನ್ನೊಂದು ವಿಎಂ ಇತ್ತು. ಅದರಲ್ಲಿ ಹೊರಗಿನ ಲೈಬ್ರರಿ ಫೈಲನ್ನೋ ಸಾಕೆಟ್ಟನ್ನೋ ಓದುತ್ತಿರುವಾಗ ಸಿಗ್ನಲ್ ಬಂದು ಕೆಲಸ ಅರ್ಧಕ್ಕೇ ನಿಲ್ಲುವ ಭಯ.

ಹಳೇ ಯೂನಿಕ್ಸ್ ವಿಎಂನಲ್ಲಿ (ಲಿನಕ್ಸ್‌ನಲ್ಲೂ ಓಡುತ್ತಿದ್ದುದು ಅದೇ) ಇನ್ನೊಂದು ಮುಳ್ಳು ಇತ್ತು. ಸ್ಮಾಲ್‌ಟಾಕ್‌ನ ಎಲ್ಲ ಪ್ರೊಸೆಸ್‌ಗಳೂ ಹೊರಗಿನಿಂದ ನೋಡಿದರೆ ಒಂದೇ ಥ್ರೆಡ್. ಒಂದು ಕಾಯುತ್ತಾ ನಿಂತರೆ ಎಲ್ಲವೂ ನಿಂತ ಹಾಗೆ. ಸರ್ವರ್ ಹೆಸರಿಗೆ ವಿಳಾಸ ಹುಡುಕುವ ಕೆಲಸವನ್ನು ವಿಂಡೋಸ್ ವಿಎಂ ಬೇರೆ ಥ್ರೆಡ್‌ಗೆ ಒಪ್ಪಿಸುತ್ತಿತ್ತು, ಯೂನಿಕ್ಸ್‌ನದು ತಾನೇ ನಿಂತು ಕಾಯುತ್ತಿತ್ತು. ನೆಟ್‌ವರ್ಕ್ ಕೈಕೊಟ್ಟ ದಿನ ಕರ್ಸರ್ ಮಿನುಗುವುದೂ ನಿಲ್ಲುತ್ತದೆ. ನೋಡಿದವರು ‘ಸ್ಮಾಲ್‌ಟಾಕ್ ಹ್ಯಾಂಗ್ ಆಯ್ತು’ ಅನ್ನುತ್ತಾರೆ.

ಮ್ಯಾಕ್‌ನಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಾಟ. 2013ರ ಆಪ್ ನ್ಯಾಪ್, ಹಿಂದೆ ಮರೆಯಾದ ಪ್ರೋಗ್ರಾಂಗಳ ಟೈಮರ್‌ಗಳನ್ನು ತಡಮಾಡಲು ಶುರುಮಾಡಿತು. 2020ರಲ್ಲಿ ಬಂದ ಆಪಲ್‌ನ ಸ್ವಂತ ಚಿಪ್ ‘ಆಪಲ್ ಸಿಲಿಕಾನ್’, ಬರೆಯುವ ಮತ್ತು ಓಡಿಸುವ ಅನುಮತಿ ಎರಡೂ ಒಂದೇ ಮೆಮೊರಿಗೆ ಏಕಕಾಲಕ್ಕೆ ಇಲ್ಲ ಎಂದಿತು. ಓಡುತ್ತಲೇ ಕೋಡ್ ಬರೆಯುವ ವಿಎಂಗೆ ಇದು ಪ್ರತಿ ಸಲ ಬಾಗಿಲು ತೆಗೆದು ಹಾಕುವ ಕೆಲಸ.

ಕಸ ಗುಡಿಸುವ ತಡೆ ಮಾತ್ರ ಎಲ್ಲ ಕಡೆ ಒಂದೇ ಥರ ಇತ್ತು, ಒಂದೇ ಥರ ಕಮ್ಮಿಯೂ ಆಯಿತು. 2015ರ ಸ್ಕ್ವೀಕ್ 5, ಮರುವರ್ಷದ ಫಾರೋ 5 (ಸ್ಕ್ವೀಕ್‌ನಿಂದ ಕವಲೊಡೆದ ಸ್ಮಾಲ್‌ಟಾಕ್) ಎರಡೂ ಸ್ಪರ್ ಎಂಬ ಹೊಸ ಮೆಮೊರಿ ವ್ಯವಸ್ಥೆಗೆ ಬಂದವು. ಅದರಿಂದ ಇನ್ನೊಂದು ತಡೆಯೂ ತಗ್ಗಿತು. ಹಿಂದೆ ಒಂದು ಆಬ್ಜೆಕ್ಟಿನ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಕಾದರೆ ಇಡೀ ಮೆಮೊರಿ ತಡಕಾಡಬೇಕಿತ್ತು. ಈಗ ಹಳೇ ಜಾಗದಲ್ಲಿ ‘ಅಲ್ಲಿಗೆ ಹೋಗಿ’ ಎಂಬ ಚೀಟಿ ಅಂಟಿಸಿದರೆ ಆಯಿತು.

ಇನ್ನು ಪರದೆ. ಆಲ್ಟೋದ್ದು 606 ಅಡ್ಡ, 808 ಉದ್ದ, ಚುಕ್ಕಿಗೆ ಒಂದೇ ಬಿಟ್. ಒಟ್ಟು ಸುಮಾರು 61 ಸಾವಿರ ಬೈಟ್. ಇವತ್ತಿನ 4ಕೆ ಪರದೆಯಲ್ಲಿ ಚುಕ್ಕಿಗೆ 32 ಬಿಟ್, ಒಟ್ಟು 3.3 ಕೋಟಿ ಬೈಟ್. 540 ಪಟ್ಟಿಗೂ ಹೆಚ್ಚು. ಮಾರ್ಫಿಕ್ ಈ ಚಿತ್ರವನ್ನು ಗ್ರಾಫಿಕ್ಸ್ ಕಾರ್ಡಿನ ಸಹಾಯವಿಲ್ಲದೆ ತನ್ನದೇ ಮೆಮೊರಿಯಲ್ಲಿ ಬಿಡಿಸುತ್ತದೆ, ಆಮೇಲೆ ಬದಲಾದ ಭಾಗಗಳನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಈ ಒಪ್ಪಿಸುವ ದಾರಿ ಒಂದೊಂದು ಕಡೆ ಒಂದೊಂದು. ಲಿನಕ್ಸ್‌ನಲ್ಲಿ ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್ ಅದೇ ಮಷೀನಿನಲ್ಲಿದ್ದರೆ ಹಂಚಿಕೊಂಡ ಮೆಮೊರಿಯಿಂದ ಸಾಗಿಸಬಹುದು, ಅದಕ್ಕೆ ವಿಎಂ ಶುರುಮಾಡುವಾಗ ಕೊಡುವ ಒಂದು ಆಯ್ಕೆಯೇ ಇದೆ. ನೆಟ್‌ವರ್ಕಿನ ಆಚೆ ಇದ್ದರೆ ಪ್ರತಿ ಚುಕ್ಕಿಯೂ ತಂತಿಯ ಮೇಲೆ ನಡೆದೇ ಬರಬೇಕು.

ಹಾಗಾಗಿ ವಿಂಡೋ ತಡವರಿಸಿದಾಗ ನಾನು ಮೊದಲು ಮಾಡುವುದು ಒಂದೇ: ಅದರ ಗಾತ್ರ ಕಾಲು ಭಾಗಕ್ಕೆ ಇಳಿಸುತ್ತೇನೆ. ಚುರುಕಾದರೆ ತಪ್ಪು ಪರದೆಯ ದಾರಿಯದು. ಆಗಲೂ ಹಾಗೇ ಕುಂಟಿದರೆ, ಗಡಿಯಾರ ನೋಡಲು ಹೊರಡುತ್ತೇನೆ.