ಟ್ರಯಲ್ ಫೇಲ್ ಎಂದರು, ಇನ್ನು ವೆಂಟಿಲೇಟರ್ ಬಿಡಿಸಲು ಆಗುವುದೇ ಇಲ್ಲವೇ?

ಪ್ರಶ್ನೆ: ಅಪ್ಪ ಒಂಬತ್ತು ದಿನದಿಂದ ವೆಂಟಿಲೇಟರ್‌ನಲ್ಲಿದ್ದಾರೆ. ನ್ಯುಮೋನಿಯಾ ಇಳಿದಿದೆ, ನಮ್ಮನ್ನು ಗುರುತಿಸುತ್ತಾರೆ. ನಿನ್ನೆ ಟ್ರಯಲ್ ಕೊಟ್ಟು, ಇಪ್ಪತ್ತೇ ನಿಮಿಷಕ್ಕೆ ಫೇಲ್ ಎಂದು ಮತ್ತೆ ಯಂತ್ರಕ್ಕೆ ಹಾಕಿದರು. ಮುಂದೇನು?

ಉತ್ತರ: ಸಾಮಾನ್ಯವಾಗಿ 24 ಗಂಟೆ ಬಿಟ್ಟು ಇನ್ನೊಂದು ಟ್ರಯಲ್. ಮೊದಲ ಸಲಕ್ಕೇ ಪಾರಾಗದ ಎಷ್ಟೋ ಮಂದಿ ಎರಡನೆಯ, ಮೂರನೆಯ ಸಲಕ್ಕೆ ಪಾರಾಗುತ್ತಾರೆ. 'ಫೇಲ್' ಎಂಬ ಮಾತೇ ನನಗೆ ಹಿಡಿಸದು. ಪರೀಕ್ಷೆ ಬರೆದವರು ಅಪ್ಪನಲ್ಲ.

ಟ್ರಯಲ್ ಎಂದರೆ ಯಂತ್ರದ ಆಸರೆಯನ್ನು ತೀರಾ ತಗ್ಗಿಸಿ, 30 ನಿಮಿಷದಿಂದ 2 ಗಂಟೆಯವರೆಗೆ ರೋಗಿ ತಾನೇ ಉಸಿರಾಡಲು ಬಿಡುವುದು. ಉಸಿರು ನಿಮಿಷಕ್ಕೆ 35 ದಾಟಿದರೆ, ಮೈ ಬೆವೆತರೆ, ಆಕ್ಸಿಜನ್ ಕುಸಿದರೆ ನಿಲ್ಲಿಸುತ್ತಾರೆ. ಹಟ ಹಿಡಿದು ಮುಂದುವರಿಸಿದರೆ ಸ್ನಾಯು ಇನ್ನಷ್ಟು ದಣಿಯುತ್ತದೆ.

ಆ ಸ್ನಾಯುವಿನದೇ ದೊಡ್ಡ ಕಥೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಲಸವಿಲ್ಲದೆ ಬೇಗ ಸೊರಗುತ್ತದೆ. ಯಂತ್ರವೇ ಪೂರ್ತಿ ಉಸಿರಾಡಿಸಿದ 18ರಿಂದ 69 ಗಂಟೆಗಳಲ್ಲಿ ಅದರ ನಾರುಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದು 2008ರ ಒಂದು ಅಧ್ಯಯನದಲ್ಲಿ ಕಂಡಿತ್ತು. ಜೊತೆಗೆ ನಿದ್ದೆಮದ್ದಿನ ಮಂಪರು ಉಳಿದಿರಬಹುದು. ಕೆಲವೊಮ್ಮೆ ತೊಡಕು ಶ್ವಾಸಕೋಶದಲ್ಲೇ ಇರುವುದಿಲ್ಲ: ಯಂತ್ರದ ಒತ್ತಡ ದುರ್ಬಲ ಹೃದಯಕ್ಕೂ ಊರುಗೋಲಾಗಿರುತ್ತದೆ. ಅದನ್ನು ತೆಗೆದೊಡನೆ ಹೃದಯಕ್ಕೆ ಮರಳುವ ರಕ್ತ ಹೆಚ್ಚಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅಂಥವರಿಗೆ ಬೇಕಾದದ್ದು ಮೈಯ ನೀರಿಳಿಸುವ ಔಷಧಿ. ಅದಿಲ್ಲದೆ ಹತ್ತು ಟ್ರಯಲ್ ಕೊಟ್ಟರೂ ಅಷ್ಟೇ.

ಆದ್ದರಿಂದ ವೈದ್ಯರನ್ನು 'ಯಾವಾಗ ತೆಗೆಯುತ್ತೀರಿ' ಎನ್ನುವ ಬದಲು 'ನಿನ್ನೆ ಯಾಕೆ ನಿಲ್ಲಿಸಿದಿರಿ' ಎಂದು ಕೇಳಿ. ಸ್ನಾಯುವೋ, ಹೃದಯವೋ, ಕಫವೋ, ಮಂಪರೋ? ಉತ್ತರ ಇನ್ನೂ ಸಿಕ್ಕಿಲ್ಲವೆಂದರೆ, ಹುಡುಕಲು ಏನು ಮಾಡುತ್ತಿದ್ದೀರಿ ಎಂದೂ ಕೇಳಬಹುದು.

ಇನ್ನೊಂದು ಮಾತು. ಟ್ರಯಲ್ ಪಾಸಾದ ಮಾತ್ರಕ್ಕೆ ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಟ್ಯೂಬ್ ತೆಗೆಯುವುದಿಲ್ಲ. ಉಸಿರಾಡಲು ಬಂದರೆ ಸಾಲದು, ಕೆಮ್ಮಿ ಕಫ ಹೊರಹಾಕುವ ಕಸುವೂ ಬೇಕು. ಗಂಟಲು ಊದಿದೆಯೇ ಎಂದು ತಿಳಿಯಲು ಟ್ಯೂಬಿನ ಸುತ್ತಲಿನ ಬಲೂನಿನ ಗಾಳಿ ಇಳಿಸಿ, ಪಕ್ಕದಿಂದ ಉಸಿರು ಸೋರುತ್ತದೆಯೇ ನೋಡುವುದೂ ಉಂಟು. ಇಷ್ಟಾಗಿಯೂ ಟ್ಯೂಬ್ ತೆಗೆಸಿಕೊಂಡವರಲ್ಲಿ ಸುಮಾರು ನೂರಕ್ಕೆ 10ರಿಂದ 20 ಮಂದಿಗೆ ಮತ್ತೆ ಹಾಕಬೇಕಾಗುತ್ತದೆ. ಅವಸರದ ಬೆಲೆ ದೊಡ್ಡದು, ವಿಳಂಬದ್ದೂ ಕಡಿಮೆಯಲ್ಲ. ದಿನ ಕಳೆದಂತೆ ಸೋಂಕಿನ ಭಯ ಹೆಚ್ಚುತ್ತದೆ.

ವಾರಗಳೇ ಹಿಡಿಯುವಂತಿದ್ದರೆ ಟ್ರಕಿಯಾಸ್ಟಮಿ ಮಾಡೋಣ ಎನ್ನಬಹುದು. ಕತ್ತಿನಲ್ಲಿ ತೂತು ಎಂದು ಕೇಳಿ ಕೈಚೆಲ್ಲಿದರೆಂದು ಭಾವಿಸಬೇಡಿ. ಬಾಯಲ್ಲಿರುವ ಟ್ಯೂಬ್ ತೆಗೆದು ಕತ್ತಿನ ತೂತಿನಿಂದ ಶ್ವಾಸನಾಳಕ್ಕೆ ಹಾಕಿದರೆ ನಿದ್ದೆಮದ್ದು ಕಡಿಮೆ ಸಾಕು, ಕಫ ತೆಗೆಯುವುದು ಸುಲಭ, ಎದ್ದು ಕೂರಿಸಬಹುದು. ವಪೆಗೆ ದಿನಕ್ಕಿಷ್ಟು ಹೊತ್ತು ಎಂದು ಕೆಲಸ ಕೊಡಲೂ ಅದರಿಂದಲೇ ಅನುಕೂಲ.