ಚಾಕುವಿನ ಮೇಲಿನ ಡಿಎನ್‌ಎ ಯಾರದು, ಅಲ್ಲಿಗೆ ಹೇಗೆ ಬಂತು?

2008ರ ಶುರುವಿನಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಒಂದು ಬಚ್ಚಲುಮನೆಯ ಫೋಟೊ ಬಂತು. ವಾಶ್‌ಬೇಸಿನ್, ಗೋಡೆ ಎಲ್ಲ ಕೆಂಪು. ಇಟಲಿಯ ಪೆರೂಜಾ ಊರಿನಲ್ಲಿ ಕೊಲೆಯಾದ ಮೆರೆಡಿತ್ ಕರ್ಚರ್ ಎಂಬ ವಿದ್ಯಾರ್ಥಿನಿ ಬಳಸುತ್ತಿದ್ದ ಬಚ್ಚಲು ಅದು. ಅದೇ ಮನೆಯಲ್ಲಿದ್ದ ಅಮಾಂಡಾ ನಾಕ್ಸ್, ಕೊಲೆಯ ಮಾರನೇ ಬೆಳಗ್ಗೆ ತಾನು ಅಲ್ಲೇ ಸ್ನಾನ ಮಾಡಿದೆ, ಒಂದೆರಡು ರಕ್ತದ ಕಲೆ ಕಂಡಿತು ಅಂತ ಹೇಳಿದ್ದಳು. ಫೋಟೊ ನೋಡಿದವರಿಗೆ ಸಿಟ್ಟು ಬಂತು. ಇಷ್ಟು ರಕ್ತದ ನಡುವೆ ಯಾರಾದರೂ ಸ್ನಾನ ಮಾಡುತ್ತಾರಾ? ಇಂಟರ್ನೆಟ್ಟಿನಲ್ಲಿ ಎಷ್ಟೋ ಜನ ಅವತ್ತೇ ತೀರ್ಪು ಕೊಟ್ಟುಬಿಟ್ಟರು.

ಆ ಕೆಂಪು ರಕ್ತದ್ದಾಗಿರಲಿಲ್ಲ. ಪೊಲೀಸರು ಕಲೆ ಹುಡುಕಲು ಸಿಂಪಡಿಸಿದ ರಾಸಾಯನಿಕ ಸಮಯ ಕಳೆದಂತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಿಜವಾದ ರಕ್ತ ಅಲ್ಲಿ ಇದ್ದದ್ದು ಕೆಲವು ಸಣ್ಣ ಕಲೆಗಳು ಮತ್ತು ಕಾಲೊರಸಿನ ಮೇಲೊಂದು ಹೆಜ್ಜೆಗುರುತು. ಫೋಟೊ ಸುಳ್ಳಲ್ಲ, ಬಣ್ಣವೂ ಸುಳ್ಳಲ್ಲ. ಅದು ಏನನ್ನು ತೋರಿಸುತ್ತಿದೆ ಅನ್ನುವುದನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಮೊಕದ್ದಮೆಯುದ್ದಕ್ಕೂ ಹೀಗೇ ಆಯಿತು. ಲ್ಯಾಬಿನ ಸಾಕ್ಷ್ಯದ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುವ ಮುಂಚೆ, ಆ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ತಿಳಿಯುವುದು ಎಷ್ಟು ಮುಖ್ಯ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಮೆರೆಡಿತ್‌ಗೆ 21 ವರ್ಷ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಿಂದ ಒಂದು ವರ್ಷದ ಓದಿಗೆ ಪೆರೂಜಾಕ್ಕೆ ಬಂದಿದ್ದಳು. 2007ರ ನವೆಂಬರ್ 1ರ ರಾತ್ರಿ ಅವಳ ಕೋಣೆಯಲ್ಲೇ ಕೊಲೆಯಾಯಿತು. ನಾಲ್ಕೈದು ದಿನದಲ್ಲೇ ಪೊಲೀಸರು ಮೂವರನ್ನು ಹಿಡಿದರು. ಒಬ್ಬಳು ಅಮೆರಿಕದ ಸಿಯಾಟಲ್‌ನಿಂದ ಬಂದ 20 ವರ್ಷದ ನಾಕ್ಸ್. ಇನ್ನೊಬ್ಬ ಅವಳ ಗೆಳೆಯ, ಇಟಲಿಯವನೇ ಆದ ರಫಾಯೆಲೆ ಸೊಲ್ಲೆಚಿಟೊ. ಮೂರನೆಯವನು ಅವಳು ಕೆಲಸ ಮಾಡುತ್ತಿದ್ದ ಬಾರಿನ ಮಾಲೀಕ. ರಾತ್ರಿಯಿಡೀ ನಡೆದ ವಿಚಾರಣೆಯಲ್ಲಿ ನಾಕ್ಸ್ ಅವನ ಹೆಸರು ಹೇಳಿದ್ದಳು. ಅವನು ನಿರ್ದೋಷಿ. ಎರಡು ವಾರ ಜೈಲಿನಲ್ಲಿದ್ದು ಹೊರಬಂದ. ಆ ಹೊತ್ತಿಗೆ ಕೊಲೆಯಾದ ಕೋಣೆಯ ಗುರುತುಗಳು ಬೇರೆಯೇ ವ್ಯಕ್ತಿಯನ್ನು ತೋರಿಸಿದ್ದವು. ಅವನು ರೂಡಿ ಗ್ವೇಡೆ.

ಗ್ವೇಡೆ ವಿರುದ್ಧದ ಸಾಕ್ಷ್ಯ ಎಂಥದ್ದು ಅಂತ ಮೊದಲು ನೋಡಿದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ದಿಂಬಿನ ಗೌಸಿನ ಮೇಲೆ ಮೆರೆಡಿತ್‌ಳ ರಕ್ತದಲ್ಲಿ ಅವನ ಅಂಗೈ ಗುರುತು. ರಕ್ತ ತುಳಿದ ಅವನ ಶೂ ಗುರುತು. ಅವಳ ದೇಹದಲ್ಲಿ, ಬಟ್ಟೆಯ ಮೇಲೆ, ಕೈಚೀಲದ ಮೇಲೆ ಅವನ ಡಿಎನ್‌ಎ. ಒಂದೊಂದೂ ಬೇರೆ ಬೇರೆ ಬಗೆಯ ಗುರುತು, ಎಲ್ಲವೂ ಒಂದೇ ಕಡೆ ಬೆರಳು ಮಾಡುತ್ತವೆ. ರಕ್ತ ಇನ್ನೂ ಹಸಿಯಾಗಿದ್ದಾಗ ಅವನು ಆ ಕೋಣೆಯಲ್ಲಿದ್ದ ಅನ್ನುವುದನ್ನೂ ಹೇಳುತ್ತವೆ. 2008ರಲ್ಲಿ ಅವನಿಗೆ 30 ವರ್ಷ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು 16ಕ್ಕೆ ಇಳಿಯಿತು.

ನಾಕ್ಸ್ ಮತ್ತು ಸೊಲ್ಲೆಚಿಟೊ ವಿರುದ್ಧ ಇದ್ದದ್ದು ಬೇರೆ ಥರ. ಮುಖ್ಯವಾಗಿ ಒಂದು ಚಾಕು, ಮೆರೆಡಿತ್‌ಳ ಒಳಉಡುಪಿನ ಒಂದು ಕೊಕ್ಕೆ.

ಚಾಕು ಸಿಕ್ಕಿದ್ದು ಸೊಲ್ಲೆಚಿಟೊ ಮನೆಯ ಅಡುಗೆಮನೆಯ ಡ್ರಾಯರಿನಲ್ಲಿ. ಉದ್ದ 31 ಸೆಂಟಿಮೀಟರ್. ಅಲ್ಲಿದ್ದ ಚಾಕುಗಳಲ್ಲಿ ಇದನ್ನೇ ಯಾಕೆ ಆರಿಸಿದಿರಿ ಅಂತ ಕೇಳಿದಾಗ ಪೊಲೀಸ್ ಅಧಿಕಾರಿ ಹೇಳಿದ್ದು ತನ್ನ ಊಹೆಯ ಮಾತನ್ನೇ. ಹಿಡಿಯ ಮೇಲೆ ನಾಕ್ಸ್‌ಳ ಡಿಎನ್‌ಎ ಇತ್ತು. ಅವಳು ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಅದರಲ್ಲಿ ವಿಶೇಷವಿಲ್ಲ. ವಿಶೇಷ ಇದ್ದದ್ದು ಅಲಗಿನಲ್ಲಿ. ಅಲ್ಲಿ ಮೆರೆಡಿತ್‌ಳ ಡಿಎನ್‌ಎ ಇದೆ ಎಂದು ರೋಮ್‌ನ ಪೊಲೀಸ್ ಲ್ಯಾಬು ಹೇಳಿತು. ಸುದ್ದಿ ಹೊರಬಿದ್ದ ಮೇಲೆ ಕೇಳಬೇಕೇ? ಒಂದು ತುದಿಯಲ್ಲಿ ಆರೋಪಿ, ಇನ್ನೊಂದು ತುದಿಯಲ್ಲಿ ಕೊಲೆಯಾದವಳು, ಇನ್ನೇನು ಬೇಕು ಅಂತ ಜನ ಕೇಳಿದರು.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಡಿಎನ್‌ಎಯಲ್ಲಿ ಕೆಲವು ಜಾಗಗಳಲ್ಲಿ ಒಂದೇ ಸಣ್ಣ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ. ಇಂಥ ಹದಿನೈದು ಜಾಗಗಳನ್ನು ಎಣಿಸಿದರೆ ಆ ಎಣಿಕೆ ಇನ್ನೊಬ್ಬರಿಗೆ ಹೊಂದುವುದು ತೀರಾ ಅಪರೂಪ. ಆದರೆ ಎಣಿಸಲು ಸಾಕಷ್ಟು ಡಿಎನ್‌ಎ ಬೇಕು. ಅದಕ್ಕೆ ಪಿಸಿಆರ್ ಎಂಬ ವಿಧಾನದಿಂದ ಅದನ್ನು ಪ್ರತಿ ಮಾಡಿ ಮಾಡಿ ಹೆಚ್ಚಿಸುತ್ತಾರೆ. ಕೊನೆಗೆ ಯಂತ್ರ ಒಂದು ಗ್ರಾಫ್ ಬರೆಯುತ್ತದೆ. ಅದರಲ್ಲಿ ಏಳುವ ಶಿಖರಗಳನ್ನು ಓದುತ್ತಾರೆ.

ಒಂದು ಜೀವಕೋಶದಲ್ಲಿ ಇರುವುದು ಸುಮಾರು 6 ಪಿಕೊಗ್ರಾಂ ಡಿಎನ್‌ಎ. ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು ಅಂದರೆ ಒಂದು ಪಿಕೊಗ್ರಾಂ. ಮಾದರಿಯಲ್ಲಿ 100 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ, ಅಂದರೆ ಹದಿನೈದು ಹದಿನಾರು ಕೋಶಗಳಿಗಿಂತ ಕಡಿಮೆ ಇದ್ದರೆ, ಫಲಿತಾಂಶ ತೂರಾಡಲು ಶುರುವಾಗುತ್ತದೆ. ದೂರದ ಸ್ಟೇಷನ್ ಕೇಳಲಿ ಅಂತ ರೇಡಿಯೊದ ವಾಲ್ಯೂಮ್ ಜಾಸ್ತಿ ಮಾಡಿದರೆ ದನಿಯ ಜೊತೆ ಗರಗರ ಸದ್ದೂ ಏರುತ್ತದಲ್ಲ, ಹಾಗೆ. ಇರಬೇಕಾದ ಶಿಖರ ಬೀಳಬಹುದು, ಇರಬಾರದ ಶಿಖರ ಏಳಬಹುದು. ಲ್ಯಾಬಿನ ಗಾಳಿಯಲ್ಲಿದ್ದ, ಇನ್ನೊಂದು ಮಾದರಿಯಿಂದ ಹಾರಿಬಂದ ನಾಲ್ಕು ಕೋಶ ಕೂಡ ಗ್ರಾಫಿನಲ್ಲಿ ಕಾಣಿಸಬಹುದು. ಅದಕ್ಕೇ ಇಂಥ ಮಾದರಿಯನ್ನು ಕನಿಷ್ಠ ಎರಡು ಸಲ ಪರೀಕ್ಷಿಸಬೇಕು, ಎರಡರಲ್ಲೂ ಬಂದದ್ದನ್ನು ಮಾತ್ರ ನಂಬಬೇಕು ಅನ್ನುವುದು ಈ ಕ್ಷೇತ್ರದ ನಿಯಮ.

ಅಲಗಿನ ಮಾದರಿಯಲ್ಲಿ ರಕ್ತವಿದೆಯೇ ಅಂತ ಪರೀಕ್ಷಿಸಿದಾಗ ಇಲ್ಲ ಎಂದು ಬಂತು. ಡಿಎನ್‌ಎ ಪ್ರಮಾಣ ಅಳೆದಾಗ ತೀರಾ ಕಡಿಮೆ ಎಂದು ಬಂತು. ಆದರೂ ಮುಂದುವರಿದರು. ಇದ್ದ ಮಾದರಿಯೆಲ್ಲ ಒಂದೇ ಸಲಕ್ಕೆ ಖರ್ಚಾಯಿತು, ಎರಡನೇ ಸಲ ನೋಡಲು ಉಳಿಯಲಿಲ್ಲ. ಶಿಖರಗಳಲ್ಲಿ ಹೆಚ್ಚಿನವು ಲ್ಯಾಬುಗಳು ಸಾಮಾನ್ಯವಾಗಿ ಒಪ್ಪುವ ಎತ್ತರಕ್ಕಿಂತ ಕೆಳಗೇ ಇದ್ದವು.

ಚಾಕುವನ್ನು ಬ್ಲೀಚ್ ಹಾಕಿ ತೊಳೆದಿದ್ದಾರೆ, ಅದಕ್ಕೇ ರಕ್ತ ಸಿಗಲಿಲ್ಲ ಅನ್ನುವ ವಾದ ಇಂಟರ್ನೆಟ್ಟಿನಲ್ಲಿ ಬಹಳ ಓಡಿತು. ಕೇಳಲು ಸರಿಯಾಗೇ ಇದೆ. ಆದರೆ 2011ರಲ್ಲಿ ಮೇಲ್ಮನವಿ ಕೋರ್ಟು ನೇಮಿಸಿದ ತಜ್ಞರು, ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದ ಸ್ಟೆಫಾನೊ ಕಾಂಟಿ ಮತ್ತು ಕಾರ್ಲಾ ವೆಕ್ಯೊಟ್ಟಿ, ಅದೇ ಚಾಕುವಿನ ಮೇಲೆ ಪಿಷ್ಟದ ಕಣಗಳನ್ನು ಕಂಡರು. ಆಲೂಗಡ್ಡೆ, ಬ್ರೆಡ್ಡಿನಂಥ ಊಟದ ಪದಾರ್ಥಗಳಲ್ಲಿ ಇರುವಂಥದ್ದು. ರಕ್ತದ ಸುಳಿವೇ ಇಲ್ಲದಂತೆ ಉಜ್ಜಿದವರು ಪಿಷ್ಟವನ್ನು ಹಾಗೇ ಬಿಟ್ಟರು ಅಂತ ನಂಬುವುದು ಕಷ್ಟ ಅಲ್ವಾ? ಅಲಗಿನ ಫಲಿತಾಂಶವನ್ನು ನೆಚ್ಚಲಾಗದು ಎಂದು ಅವರು ಬರೆದರು. ಅದಕ್ಕೂ ಮುಂಚೆ, 2009ರಲ್ಲೇ, ಅಮೆರಿಕದ ಕೆಲವು ಡಿಎನ್‌ಎ ತಜ್ಞರು ಬಹಿರಂಗ ಪತ್ರದಲ್ಲಿ ಇದೇ ಸಂಶಯ ಹೇಳಿದ್ದರು. ಹೊರಗಿನವರು ಮಾತಾಡಿದ್ದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಗ್ರಾಫನ್ನೇ ತೋರಿಸಿ ಎಂದು ಕೇಳಿದವರೂ ಹೊರಗಿನವರೇ.

ಇನ್ನು ಕೊಕ್ಕೆ. ಕೊಲೆಯಾದ ಕೋಣೆಯಲ್ಲಿ ನವೆಂಬರ್ 2ರಂದೇ ಅದನ್ನು ನೋಡಿದ್ದರು, ಫೋಟೊ ಕೂಡ ತೆಗೆದಿದ್ದರು. ಎತ್ತಿಕೊಂಡದ್ದು ಮಾತ್ರ ಡಿಸೆಂಬರ್ 18ರಂದು, 46 ದಿನ ಕಳೆದ ಮೇಲೆ. ಅಷ್ಟರಲ್ಲಿ ಅದು ಮೊದಲಿದ್ದ ಜಾಗದಿಂದ ಸುಮಾರು ಒಂದೂವರೆ ಮೀಟರ್ ಸರಿದಿತ್ತು. ಎತ್ತುವಾಗ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ, ಮತ್ತೆ ನೆಲದ ಮೇಲೆ ಕೂತು ಫೋಟೊ ತೆಗೆಸಿಕೊಂಡದ್ದು ಪೊಲೀಸರ ವಿಡಿಯೊದಲ್ಲೇ ಇದೆ. ಅದರ ಮೇಲೆ ಸೊಲ್ಲೆಚಿಟೊನ ಡಿಎನ್‌ಎ ಇತರರ ಡಿಎನ್‌ಎ ಜೊತೆ ಬೆರೆತು ಸಿಕ್ಕಿತು. ಆ ಮನೆಗೆ ಅವನು ಬಂದುಹೋಗುತ್ತಿದ್ದ. ಶವ ಸಿಕ್ಕ ದಿನ ಮೆರೆಡಿತ್‌ಳ ಕೋಣೆಯ ಬಾಗಿಲು ಒಡೆಯಲು ಕೈಹಾಕಿದವನೂ ಅವನೇ.

ಡಿಎನ್‌ಎ ತಾನಾಗಿ ಓಡಾಡುವುದಿಲ್ಲ, ಆದರೆ ಅದನ್ನು ಹೊತ್ತೊಯ್ಯಲು ಏನು ಬೇಕಾದರೂ ಸಾಕು. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಒಬ್ಬ ಉದ್ಯಮಿಯ ಕೊಲೆಯಾಯಿತು. ಅವನ ಉಗುರಿನಲ್ಲಿ ಮನೆಮಠವಿಲ್ಲದ ಒಬ್ಬನ ಡಿಎನ್‌ಎ ಸಿಕ್ಕಿತು. ಅವನನ್ನು ಜೈಲಿಗೆ ಹಾಕಿದರು, ತಿಂಗಳುಗಟ್ಟಲೆ ಒಳಗಿಟ್ಟರು. ಕೊಲೆಯ ರಾತ್ರಿ ಅವನು ಕುಡಿದು ಬಿದ್ದು ಆಸ್ಪತ್ರೆಯಲ್ಲಿದ್ದ. ಅವನನ್ನು ಆಂಬುಲೆನ್ಸಿನಲ್ಲಿ ಒಯ್ದ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯಾದವನ ಮನೆಗೆ ಹೋಗಿದ್ದರು. ಬಹುಶಃ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮೂಲಕ ಡಿಎನ್‌ಎ ದಾಟಿತ್ತು.

ಜರ್ಮನಿಯಲ್ಲಿ ಇನ್ನೂ ದೊಡ್ಡದಾಯಿತು. 2007ರಲ್ಲಿ ಹೈಲ್‌ಬ್ರಾನ್‌ನಲ್ಲಿ ಪೊಲೀಸ್ ಮಹಿಳೆಯೊಬ್ಬರ ಹತ್ಯೆಯಾಯಿತು. ಅಲ್ಲಿ ಸಿಕ್ಕ ಹೆಣ್ಣಿನ ಡಿಎನ್‌ಎ ಮೂರು ದೇಶಗಳ ಸುಮಾರು ನಲವತ್ತು ಅಪರಾಧಗಳ ಜಾಗದಲ್ಲೂ ಸಿಕ್ಕಿತ್ತು. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೊ ಬಹುಮಾನ ಇಟ್ಟರು. ಅವಳು ಯಾರು, ಹೇಗಿರಬಹುದು ಅಂತ ಪತ್ರಿಕೆಗಳು ಪುಟಗಟ್ಟಲೆ ಬರೆದವು. 2009ರಲ್ಲಿ, ಸತ್ತುಹೋದ ಒಬ್ಬ ಗಂಡಸಿನ ಬೆರಳಚ್ಚಿನ ಕಾಗದದಿಂದ ತೆಗೆದ ಮಾದರಿಯಲ್ಲೂ ಅದೇ ಹೆಣ್ಣು ಕಾಣಿಸಿಕೊಂಡಾಗ ಗುಟ್ಟು ಹೊರಬಿತ್ತು. ಮಾದರಿ ಒರೆಸುವ ಹತ್ತಿಯ ಕಡ್ಡಿ ತಯಾರಿಸುವ ಕಾರ್ಖಾನೆಯ ಕೆಲಸದವಳ ಡಿಎನ್‌ಎ ಅದು. ಕಡ್ಡಿಯಲ್ಲಿ ರೋಗಾಣು ಇರಲಿಲ್ಲ, ಡಿಎನ್‌ಎ ಇತ್ತು.

ಹೊಳೆಯುವ ಹೆಜ್ಜೆಗುರುತುಗಳ ಬಗ್ಗೆ ಎರಡೇ ಮಾತು ಸಾಕು. ಮನೆಯಲ್ಲಿ ರಕ್ತದ ಸುಳಿವು ಹುಡುಕಲು ಲ್ಯುಮಿನಾಲ್ ಎಂಬ ರಾಸಾಯನಿಕ ಸಿಂಪಡಿಸಿದಾಗ ಬರಿಗಾಲಿನ ಗುರುತುಗಳು ನೀಲಿಯಾಗಿ ಹೊಳೆದವು. ಲ್ಯುಮಿನಾಲ್ ರಕ್ತಕ್ಕೂ ಹೊಳೆಯುತ್ತದೆ, ಬ್ಲೀಚಿಗೂ ಹೊಳೆಯುತ್ತದೆ, ತಾಮ್ರಕ್ಕೂ ಕೆಲವು ತರಕಾರಿ ರಸಕ್ಕೂ ಹೊಳೆಯುತ್ತದೆ. ಮತ್ತೊಂದು ಪರೀಕ್ಷೆಯಲ್ಲಿ ಆ ಗುರುತುಗಳಲ್ಲಿ ರಕ್ತ ಇಲ್ಲ ಎಂದೇ ಬಂತು.

ಇಷ್ಟಾದರೂ ಜನರಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು? ಬಹುಪಾಲು ನಾಕ್ಸ್‌ಳ ನಡವಳಿಕೆಯಿಂದ. ಮನೆಯ ಹೊರಗೆ ಗೆಳೆಯನಿಗೆ ಮುತ್ತು ಕೊಟ್ಟಳು, ಅಳಲಿಲ್ಲ, ಪೊಲೀಸ್ ಠಾಣೆಯಲ್ಲಿ ವಿಚಿತ್ರವಾಗಿ ಆಡಿದಳು. ಮುಖ ನೋಡಿ ಸುಳ್ಳು ಹಿಡಿಯುತ್ತೇವೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 2006ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ನೂರಕ್ಕೆ 54 ಸಲ ಸರಿ. ಕಣ್ಣು ಮುಚ್ಚಿ ಹೇಳಿದರೂ 50 ಸಲ ಸರಿಯಾಗುತ್ತದೆ.

ಲ್ಯಾಬಿನವರಿಗೂ ಈ ಗಾಳಿ ತಾಗದೆ ಇರುವುದಿಲ್ಲ. ಇಟಿಯಲ್ ಡ್ರೋರ್ ಮತ್ತು ಗ್ರೆಗ್ ಹ್ಯಾಂಪಿಕಿಯನ್ 2011ರಲ್ಲಿ ಒಂದು ಪರೀಕ್ಷೆ ಮಾಡಿದರು. ಅತ್ಯಾಚಾರದ ಒಂದು ಹಳೆಯ ಪ್ರಕರಣ ತೆಗೆದುಕೊಂಡರು. ಅದರ ಬೆರಕೆ ಡಿಎನ್‌ಎಯಲ್ಲಿ ಆರೋಪಿಯೂ ಇರಬಹುದು ಎಂದು ಆಗಿನ ಲ್ಯಾಬು ಹೇಳಿತ್ತು. ಅದೇ ಗ್ರಾಫನ್ನು ಪ್ರಕರಣದ ಕಥೆ ಹೇಳದೆ 17 ತಜ್ಞರ ಮುಂದಿಟ್ಟರು. ಹಳೆಯ ಉತ್ತರ ಒಪ್ಪಿದವರು ಒಬ್ಬರೇ. ನಾಲ್ವರು ಏನೂ ಹೇಳಲಾಗದು ಅಂದರು. ಹನ್ನೆರಡು ಜನ ಅವನು ಇದರಲ್ಲಿ ಇಲ್ಲ ಅಂದರು. ಕಥೆ ಮೊದಲೇ ತಿಳಿದಿದ್ದರೆ ಗ್ರಾಫ್ ಓದುವ ಕಣ್ಣೇ ಬದಲಾಗುತ್ತದೆ. ತರಬೇತಾದವರ ಪಾಡೇ ಹೀಗಾದರೆ, ಇಷ್ಟದ ಕಥೆ ಮನಸ್ಸಿನಲ್ಲಿಟ್ಟುಕೊಂಡು ಸೋರಿಬಂದ ಫೋಟೊ ಹಿಗ್ಗಿಸಿ ನೋಡುವ ನಮ್ಮ ಪಾಡೇನು?

ಪೆರೂಜಾದ ಇಬ್ಬರಿಗೆ 2009ರಲ್ಲಿ ಶಿಕ್ಷೆಯಾಯಿತು. 2011ರಲ್ಲಿ ಬಿಡುಗಡೆ. 2013ರಲ್ಲಿ ಆ ಬಿಡುಗಡೆ ರದ್ದು. 2014ರ ಜನವರಿಯಲ್ಲಿ ಮತ್ತೆ ಶಿಕ್ಷೆ. 2015ರ ಮಾರ್ಚ್ 27ರಂದು ಇಟಲಿಯ ಸುಪ್ರೀಂ ಕೋರ್ಟ್ ಇಬ್ಬರನ್ನೂ ಕೊಲೆ ಆರೋಪದಿಂದ ಕೊನೆಯದಾಗಿ ಖುಲಾಸೆ ಮಾಡಿತು. ಬಾರಿನ ಮಾಲೀಕನ ಮೇಲೆ ಸುಳ್ಳು ಆರೋಪ ಹೊರಿಸಿದ ನಾಕ್ಸ್‌ಳ ತಪ್ಪು ಮಾತ್ರ ಹಾಗೇ ಉಳಿಯಿತು. ಕೊಲೆಯಾದ ಕೋಣೆಯಲ್ಲಿ ಅವಳ ಒಂದು ಗುರುತೂ ಇಲ್ಲ ಅನ್ನುವುದಕ್ಕೆ ಕೋರ್ಟು ಬಹಳ ತೂಕ ಕೊಟ್ಟಿತು. ಗ್ವೇಡೆಯ ಗುರುತು ಬಿಟ್ಟು ತಮ್ಮದನ್ನಷ್ಟೇ ಒರೆಸಿದ್ದಾರೆ ಅನ್ನುವ ವಾದವನ್ನು ಅದು ಒಪ್ಪಲಿಲ್ಲ. ಕಣ್ಣಿಗೇ ಕಾಣದ ಡಿಎನ್‌ಎಯನ್ನು ಯಾರದು ಅಂತ ನೋಡಿ ಆರಿಸಿ ಒರೆಸಲು ಆಗುವುದಿಲ್ಲ. ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಜಗತ್ತಿನ ಕಣ್ಣು ಈ ಪ್ರಕರಣದ ಮೇಲೆ ಬಿದ್ದದ್ದರಿಂದ, ಯಾರಾದರೂ ತಪ್ಪಿತಸ್ಥರನ್ನು ಬೇಗ ತೋರಿಸಲೇಬೇಕೆಂದು ತನಿಖೆ ಅವಸರಕ್ಕೆ ಬಿತ್ತು, ಅದು ಸತ್ಯ ಹುಡುಕಲು ನೆರವಾಗಲಿಲ್ಲ ಎಂದು ಕೋರ್ಟು ಬರೆಯಿತು. ಈ ಗದ್ದಲದಲ್ಲಿ ಎಲ್ಲರಿಗಿಂತ ಹಿಂದೆ ಸರಿದವಳು ಮೆರೆಡಿತ್. ಅವಳ ಮನೆಯವರಿಗೆ ವರ್ಷಗಟ್ಟಲೆ ಒಂದೊಂದು ಕೋರ್ಟು ಒಂದೊಂದು ಉತ್ತರ ಕೊಟ್ಟಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮಲ್ಲೂ ಇದೇ ಪ್ರಶ್ನೆ ಕೋರ್ಟಿನ ಮುಂದೆ ಬಂದಿದೆ. ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಗೆ ಸಂಬಂಧಿಸಿದ ದೆಹಲಿಯ ಛಾವ್ಲಾ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಮೂವರನ್ನು ಬಿಟ್ಟಾಗ ಜನ ಕುದಿದರು. ಅಲ್ಲಿ ತೆಗೆದ ಮಾದರಿಗಳು ಲ್ಯಾಬಿಗೆ ಹೋಗುವ ಮುಂಚೆ ಹತ್ತಕ್ಕೂ ಹೆಚ್ಚು ದಿನ, ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಪೊಲೀಸರ ಮಾಲ್‌ಖಾನೆಯಲ್ಲೇ ಇದ್ದವು. ಡಿಎನ್‌ಎ ವರದಿಗೆ ಏನು ಆಧಾರ ಅಂತ ಕೆಳಗಿನ ಕೋರ್ಟುಗಳು ಪರಿಶೀಲಿಸಿಯೇ ಇರಲಿಲ್ಲ. 2025ರ ಜುಲೈಯಲ್ಲಿ ತಮಿಳುನಾಡಿನ ಇನ್ನೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿಯಮ ಹಾಕಿತು. ಡಿಎನ್‌ಎ ಮಾದರಿಯನ್ನು ತೆಗೆದ 48 ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು. ತಡವಾದರೆ ಯಾಕೆ ಅಂತ ಬರೆದಿಡಬೇಕು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಒಂದು ರಿಜಿಸ್ಟರ್ ಇರಬೇಕು. ಆ ರಿಜಿಸ್ಟರ್ ಮೊಕದ್ದಮೆಯ ದಾಖಲೆಯ ಜೊತೆ ಕೊನೆಯವರೆಗೂ ಉಳಿಯಬೇಕು.